ಕಾಫಿ ತೋಟದ ಮಹಿಳಾ ಕಾರ್ಮಿಕರು ಮತ್ತು ಲೈಂಗಿಕ ಕಿರುಕುಳ: ಬೆಳೆಗಾರರು ತಿಳಿದಿರಬೇಕಾದ ಅಂಶಗಳು

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ ಪ್ರಾರಂಭವಾಗುತ್ತದೆ. ರೊಬಸ್ಟಾ ಮುಗಿಯುವ ವೇಳೆಗೆ ಮಾರ್ಚ್ ಬಂದಿರುತ್ತದೆ. ಈ ಅವಧಿಯ ಕೆಲಸದ ದೊಡ್ಡ ಪಾಲು ಹೆಂಗಸರದು. ಲೈನು ಮನೆಗಳ ಕಾಯಂ ಆಳುಗಳಲ್ಲದೆ ಹಾಡಿಗಳ ಯರವ, ಪಣಿಯ ಮತ್ತು ಜೇನುಕುರುಬ ಹೆಂಗಸರು, ಬಯಲುಸೀಮೆಯವರು, ಇತ್ತೀಚಿನ ವರ್ಷಗಳಲ್ಲಿ ಅಸ್ಸಾಮಿನಷ್ಟು ದೂರದಿಂದ ಬಂದವರೂ ಕೊಯ್ಲಿಗೆ ಇಳಿಯುತ್ತಾರೆ. ಆಳಿನ ಅಭಾವ ಮತ್ತು ಕೂಲಿಯ ದರ ಬೆಳೆಗಾರರ ಸಭೆಗಳಲ್ಲಿ ಪ್ರತಿ ವರ್ಷವೂ ಚರ್ಚೆಯಾಗುತ್ತವೆ. ಈ ಹೆಂಗಸರು ತೋಟದಲ್ಲಿ ನಿರ್ಭಯವಾಗಿ ದುಡಿಯಬಲ್ಲರೇ ಎಂಬ ಪ್ರಶ್ನೆ ಮಾತ್ರ ಸಭೆಯಲ್ಲಿ ಏಳುವುದು ಅಪರೂಪ.

ಕಿರುಕುಳಕ್ಕೆ ಎಡೆ ಎಲ್ಲಿ?

ತೋಟದ ದಿನಚರಿಯನ್ನು ಒಮ್ಮೆ ಗಮನಿಸಿರಿ. ಯಾರಿಗೆ ಯಾವ ಸಾಲು ಎಂದು ಹಂಚುವವನು ಮೇಸ್ತ್ರಿ. ಹಣ್ಣು ತುಂಬಿದ ಸಾಲು ಸಿಕ್ಕರೆ ಕಿಲೋ ಲೆಕ್ಕದಲ್ಲಿ ಕೂಲಿ ಹೆಚ್ಚು. ಬರಿದಾದ ಸಾಲು ಸಿಕ್ಕರೆ ದಿನವೆಲ್ಲಾ ದುಡಿದರೂ ಚೀಲ ತುಂಬದು. ಹಾಜರಿ ಬರೆಯುವವನು, ಸಂಜೆ ತೂಕ ಹಿಡಿಯುವವನು, ಮುಂಗಡದ ಲೆಕ್ಕ ಇಡುವವನು, ಮುಂದಿನ ವರ್ಷ ಯಾರನ್ನು ಕರೆತರಬೇಕೆಂದು ನಿರ್ಧರಿಸುವವನು ಎಷ್ಟೋ ಕಡೆ ಅವನೇ. ಅಂಥವನು ಒಬ್ಬ ಹೆಂಗಸನ್ನು ಎಲ್ಲರಿಂದ ದೂರದ ಮೂಲೆಗೆ ಕಳುಹಿಸಿ ಹಿಂದೆಯೇ ತಾನೂ ಹೋದರೆ ಆಕೆ ಯಾರಿಗೆ ಹೇಳಬೇಕು? ದೂರು ಹೇಳುವ ದಾರಿಯೂ ಅವನ ಮುಂದೆಯೇ ಹಾದುಹೋಗುತ್ತದೆ. ಆಕೆ ಸುಮ್ಮನಿದ್ದರೆ ಒಪ್ಪಿದಳೆಂದು ಅರ್ಥವಲ್ಲ. ಮುಂಗಡ ಇನ್ನೂ ತೀರಿಲ್ಲವೆಂದಷ್ಟೇ ಅರ್ಥವಿರಬಹುದು.

“ನಮ್ಮ ತೋಟದಲ್ಲಿ ಈವರೆಗೆ ಒಂದು ದೂರೂ ಬಂದಿಲ್ಲ” ಎಂದು ಕೆಲವು ಮಾಲೀಕರು ಸಮಾಧಾನಪಡುತ್ತಾರೆ. ಎಲೆಯ ಮೇಲ್ಭಾಗವನ್ನಷ್ಟೇ ನೋಡಿ ತುಕ್ಕು ರೋಗವಿಲ್ಲವೆಂದು ಹೇಳಿದಂತಾಯಿತು ಇದು.

ಕಾನೂನು ಏನು ಹೇಳುತ್ತದೆ?

ಇದು ಪಟ್ಟಣದ ಕಛೇರಿಗಳಿಗಾಗಿ ಮಾಡಿದ ಕಾನೂನೆಂಬ ತಪ್ಪು ತಿಳುವಳಿಕೆ ಇದೆ. ಇದರ ಮೂಲ ಇರುವುದು ಹಳ್ಳಿಯಲ್ಲಿ. ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯ ಗ್ರಾಮಮಟ್ಟದ ಕಾರ್ಯಕರ್ತೆ. ಬಾಲ್ಯವಿವಾಹವನ್ನು ತಡೆಯಹೋದ ಕಾರಣಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಗುರಿಯಾದರು. ಆ ಪ್ರಕರಣದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪಿನ ಮೂಲಕ ಮಾರ್ಗಸೂಚಿಗಳನ್ನು ಕೊಟ್ಟಿತು. ಅದರ ಮುಂದುವರಿಕೆಯಾಗಿ ಬಂದದ್ದೇ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ.

ಮೈ ಮುಟ್ಟುವುದು, ಲೈಂಗಿಕ ಸಹಕಾರ ಕೇಳುವುದು, ಅಶ್ಲೀಲ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಆಕೆಗೆ ಬೇಡವಾದ ಸನ್ನೆ ಇವೆಲ್ಲವೂ ಕಿರುಕುಳವೇ. ದಿನಗೂಲಿಯವರು, ತಾತ್ಕಾಲಿಕ ಆಳುಗಳು, ಕಂಟ್ರಾಕ್ಟುದಾರನ ಮೂಲಕ ಬಂದವರು ಎಲ್ಲರೂ ಈ ಕಾಯಿದೆಯ ರಕ್ಷಣೆಗೆ ಸೇರುತ್ತಾರೆ. ಮಾಲೀಕರು ಒದಗಿಸಿದ ಜೀಪು ಅಥವಾ ಪಿಕಪ್ಪು ಸಹ ಕೆಲಸದ ಸ್ಥಳವೇ ಆಗುತ್ತದೆ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ತೋಟದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇದರ ಅಧ್ಯಕ್ಷರು ಮಹಿಳೆಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯಂತಹ ಹೊರಗಿನಿಂದ ಒಬ್ಬರಿರಬೇಕು. ಸಮಿತಿ ರಚಿಸದಿದ್ದರೆ 50,000 ರೂಪಾಯಿಗಳವರೆಗೆ ದಂಡವಿದೆ. ನಮ್ಮ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹತ್ತಕ್ಕಿಂತ ಕಡಿಮೆ ಆಳುಗಳಿರುವ ತೋಟದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆಪಾದನೆ ಮಾಲೀಕನ ಮೇಲೆಯೇ ಇದ್ದರೆ ದೊಡ್ಡ ತೋಟದ ದೂರೂ ಅಲ್ಲಿಗೇ ಹೋಗುತ್ತದೆ.

ದೂರು ಕೊಡಲು ಘಟನೆಯ ದಿನದಿಂದ ಮೂರು ತಿಂಗಳ ಅವಕಾಶವಿದೆ. ಇದು ಕೊಯ್ಲಿನವರಿಗೆ ಮುಖ್ಯ. ಜನವರಿಯಲ್ಲಿ ನೊಂದವಳು ಕೊಯ್ಲು ಮುಗಿಸಿ, ಲೆಕ್ಕ ತೀರಿಸಿಕೊಂಡು, ಊರಿಗೆ ತಲುಪುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲು ಬಾರದವಳಿಗೆ ದೂರು ಬರೆಯಲು ನೆರವಾಗುವುದು ಸಮಿತಿಯವರ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ಆಕೆ ಬರೆದು ಕೇಳಿಕೊಂಡರೆ, ಆಕೆಯನ್ನಾಗಲಿ ಆಪಾದಿತನನ್ನಾಗಲಿ ಬೇರೆಡೆ ಹಾಕುವಂತೆ ಸಮಿತಿ ಶಿಫಾರಸು ಮಾಡಬಹುದು.

ಮಲೆನಾಡಿನ ಹಳೆಯ ರೂಢಿಯಂತೆ ಮರದಡಿ ಪಂಚಾಯಿತಿ ಕೂಡಿಸಿ, ಆಕೆಯ ಗಂಡನ ಕೈಗೆ ನಾಲ್ಕು ಕಾಸು ಕೊಟ್ಟು ಮುಗಿಸಿಬಿಡುವುದನ್ನು ಕಾಯಿದೆ ಒಪ್ಪುವುದಿಲ್ಲ. ಆಕೆ ತಾನಾಗಿ ಬಯಸಿದರೆ ವಿಚಾರಣೆಗೆ ಮೊದಲು ರಾಜಿಗೆ ಅವಕಾಶವುಂಟು, ಆದರೆ ಹಣವು ರಾಜಿಗೆ ಆಧಾರವಾಗಕೂಡದು. ಸುಳ್ಳು ದೂರಿನ ಭಯ ಹಲವರಿಗಿದೆ. ದುರುದ್ದೇಶದಿಂದ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ಸಿದ್ಧವಾದರೆ ಕ್ರಮಕ್ಕೆ ಅವಕಾಶವಿದೆ; ಸಾಕ್ಷಿ ಸಾಲದೆ ಹೋದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. ಕಾಫಿ ಗಿಡಗಳ ನಡುವೆ ಸಾಕ್ಷಿ ಎಲ್ಲಿಂದ ಬರಬೇಕು?

ತೋಟದಲ್ಲಿ ಮಾಡಬೇಕಾದ ವ್ಯವಸ್ಥೆ

ಸಮಿತಿಯ ಹೆಸರುಗಳನ್ನು ಬರೆದು ಕಛೇರಿಯ ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ. ಮೊದಲು ಒಬ್ಬನ ಕೈಯಲ್ಲಿ ಸೇರಿರುವ ಅಧಿಕಾರವನ್ನು ಬಿಡಿಸಬೇಕು. ಸಾಲು ಹಂಚುವವನು ತೂಕ ಹಿಡಿಯಬಾರದು. ತೂಕವು ಎಲ್ಲರ ಎದುರಿಗೆ ನಡೆದು, ಕಿಲೋ ಎಷ್ಟೆಂದು ಗಟ್ಟಿಯಾಗಿ ಕೂಗಿ ಹೇಳಿ, ಆಕೆಯ ಚೀಟಿಯಲ್ಲೂ ಬರೆಯಬೇಕು. ಕೂಲಿಯನ್ನು ಆಕೆಯ ಕೈಗೆ ಅಥವಾ ಆಕೆಯ ಸ್ವಂತ ಖಾತೆಗೇ ಸಲ್ಲಿಸಬೇಕು. ಹೆಣ್ಣಾಳೊಬ್ಬಳನ್ನೇ ದೂರದ ಪಟ್ಟಿಗೆ ಕಳುಹಿಸದೆ ಇಬ್ಬರು ಮೂವರನ್ನು ಜೊತೆಗೆ ಹಾಕುವುದು ಕ್ಷೇಮ. ಅನುಭವಸ್ಥ ಹೆಂಗಸರನ್ನೇ ಮೇಸ್ತ್ರಿಗಳನ್ನಾಗಿ ಮಾಡಲು ಏನು ಅಡ್ಡಿ ಎಂಬುದು ಈ ಲೇಖಕನಿಗೆ ಇಂದಿಗೂ ತಿಳಿದಿಲ್ಲ. ಶೌಚಾಲಯ ಮತ್ತು ಲೈನು ಮನೆಯ ನಲ್ಲಿಯ ಬಳಿ ದೀಪವಿರಲಿ.

ಸಮಿತಿಯ ವಿವರವನ್ನು ಎದ್ದು ಕಾಣುವಂತೆ ಹಾಕಬೇಕೆಂದು ಕಾಯಿದೆಯೇ ಹೇಳುತ್ತದೆ. ತೂಕದ ಜಾಗ ಇದಕ್ಕೆ ತಕ್ಕದ್ದು. ಓದಲು ಬಾರದವರೇ ಹೆಚ್ಚಾಗಿದ್ದರೆ ಕೊಯ್ಲಿನ ಮೊದಲ ದಿನ ಅವರ ಭಾಷೆಯಲ್ಲೇ ಓದಿ ಹೇಳಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಬೋರರ್ ಹುಳುವಿನ ಪರಿಶೀಲನೆಗೆ ಹೋದಾಗ ಇಂತಹ ಸಂಗತಿ ನಿಮ್ಮ ಕಿವಿಗೆ ಬೀಳಬಹುದು. ಕೂಡಲೇ ಮಾಲೀಕರ ಮುಂದೆ ಆಕೆಯ ಹೆಸರನ್ನು ಎತ್ತಬೇಡಿರಿ. ತಾನೇ ದೂರು ಕೊಡಲು ಆಗದಿದ್ದಾಗ, ಆಕೆಯ ಲಿಖಿತ ಒಪ್ಪಿಗೆ ಪಡೆದು ಘಟನೆಯನ್ನು ಬಲ್ಲ ಬೇರೆಯವರು ದೂರು ಸಲ್ಲಿಸಲು ನಿಯಮಗಳಲ್ಲಿ ಅವಕಾಶವಿದೆ. ಸ್ಥಳೀಯ ಸಮಿತಿಗೆ ಹೋಗಬೇಕಾದ ದೂರನ್ನು ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟರೆ ಅವರು ಅದನ್ನು ಏಳು ದಿನಗಳೊಳಗೆ ಕಳುಹಿಸಬೇಕು. ಮೈಮೇಲೆ ಕೈಮಾಡಿದ ಪ್ರಕರಣಗಳಲ್ಲಿ ಪೊಲೀಸ್ ದೂರಿನ ದಾರಿಯೂ ತೆರೆದಿದೆ. ಪರಿಶಿಷ್ಟ ಜಾತಿ, ಪಂಗಡದ ಮಹಿಳೆಯರಿಗೆ 1989ರ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ಬೇರೆ ಉಂಟು. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಈ ಎರಡು ಸಂಖ್ಯೆಗಳನ್ನು ಲೈನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಲು ಒಂದು ಗಂಟೆಯೂ ಬೇಕಾಗದು.