ಓದುಗರ ಪ್ರಶ್ನೆ: ಕಲ್ಯಾಣ್‌ಕುಮಾರ್ ಹೀರೊ ಆಗಿದ್ದರಾ?

ಪ್ರಶ್ನೆ: ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣ್‌ಕುಮಾರ್ ಮೂವರನ್ನೂ ‘ಕುಮಾರತ್ರಯರು’ ಅಂತಿದ್ದರು ಎಂದು ನಮ್ಮಜ್ಜಿ ಹೇಳುತ್ತಾರೆ. ನಾನು ಟೀವಿಯಲ್ಲಿ ಕಂಡ ಕಲ್ಯಾಣ್‌ಕುಮಾರ್ ಬರೀ ಅಪ್ಪನ ಪಾತ್ರದವರು. ಅವರ ಕಾಲ ಅಷ್ಟು ಬೇಗ ಮುಗಿದದ್ದೇಕೆ?
– ಓದುಗರು, ನ್ಯಾಮತಿ

ಉತ್ತರ: ಅಜ್ಜಿ ಹೇಳಿದ್ದು ಸರಿ. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜ್ ಬಂದರು, ಅದೇ ವರ್ಷ ‘ನಟಶೇಖರ’ದಲ್ಲಿ ಕಲ್ಯಾಣ್. 1958ರ ‘ಭೂಕೈಲಾಸ’ದಲ್ಲಿ ಅವರು ರಾವಣ, ಇವರು ನಾರದ. 1964ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದಾಗ ಉಳಿ ಹಿಡಿದವರು ಕಲ್ಯಾಣ್‌ಕುಮಾರೇ.

ಅಷ್ಟರಲ್ಲಿ ತಮಿಳೂ ಅವರನ್ನು ಕರೆದಿತ್ತು. ಶ್ರೀಧರ್ ನಿರ್ದೇಶನದ ‘ನೆಂಜಿಲ್ ಓರ್ ಆಲಯಂ’ನಲ್ಲಿ (1962) ಅವರು ಡಾಕ್ಟರು, ತಾನು ಪ್ರೀತಿಸಿದವಳ ಗಂಡನೇ ರೋಗಿಯಾಗಿ ಬರುತ್ತಾನೆ. ಚಿತ್ರ ಗೆದ್ದಿತು. ಆಗ ಕನ್ನಡ ಚಿತ್ರಗಳೂ ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನಲ್ಲೇ, ಹಾಗಾಗಿ ಊರು ಬಿಡುವ ಪ್ರಮೇಯವಿರಲಿಲ್ಲ. ಆದರೆ ಎರಡು ದೋಣಿಯ ಮೇಲೆ ಕಾಲಿಟ್ಟವರಿಗೆ ಆಗುವುದು ಅವರಿಗೂ ಆಯಿತೆಂದು ನನ್ನ ಅನಿಸಿಕೆ. ಇತ್ತ ರಾಜ್ ಕನ್ನಡ ಬಿಟ್ಟು ಕದಲಲಿಲ್ಲ. 1968ರ ‘ಜೇಡರ ಬಲೆ’ಯಲ್ಲಿ ಪಿಸ್ತೂಲು ಹಿಡಿದರು, ಪ್ರೇಕ್ಷಕರ ರುಚಿಯೂ ಬದಲಾಯಿತು. ಮೆತ್ತಗೆ ಮಾತಾಡುವ, ಕಣ್ಣಲ್ಲೇ ನೋಯುವ ನಾಯಕನಿಗೆ ಆ ಗದ್ದಲದಲ್ಲಿ ಜಾಗ ಕಿರಿದಾಯಿತು. ಕಲ್ಯಾಣ್ ನಿರ್ದೇಶನಕ್ಕೂ ಕೈ ಹಾಕಿದರು: ‘ಲವ್ ಇನ್ ಬೆಂಗಳೂರು’, ‘ಕಲ್ಲು ಸಕ್ಕರೆ’.

ನನ್ನ ಮಟ್ಟಿಗೆ ಅವರ ಅತಿ ದೊಡ್ಡ ಕೆಲಸ ಬಂದದ್ದು ಈ ಇಳಿಜಾರಿನ ಹೊಸ್ತಿಲಲ್ಲೇ. 1967ರ ‘ಬೆಳ್ಳಿಮೋಡ’. ಪುಟ್ಟಣ್ಣ ಕಣಗಾಲ್ ನಿರ್ದೇಶನ, ತ್ರಿವೇಣಿಯವರ ಕಾದಂಬರಿ. ಇಂದಿರಾಳ ತಂದೆಯ ದುಡ್ಡಲ್ಲಿ ವಿದೇಶದಲ್ಲಿ ಓದುವ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದ ಕೂಡಲೇ ಮದುವೆ ಬೇಡವೆನ್ನುತ್ತಾನೆ. ಕೊನೆಗೆ ಅವನೇ ಬಂದು ಕೇಳಿದಾಗ ಇಂದಿರಾ ಒಪ್ಪುವುದಿಲ್ಲ. ಪೋಸ್ಟರಿನಲ್ಲಿ ಹೀರೊ, ಪರದೆಯ ಮೇಲೆ ಸಣ್ಣ ಮನುಷ್ಯ. ಆ ಪಾತ್ರ ಒಪ್ಪಲು ಎದೆಗಾರಿಕೆ ಬೇಕಿತ್ತು. ಚಪ್ಪಾಳೆಯೆಲ್ಲ ಇಂದಿರಾ ಆಗಿದ್ದ ಕಲ್ಪನಾಗೆ ಹೋಯಿತು, ಹೋಗಬೇಕಾದದ್ದೇ.

ಐದು ವರ್ಷ ಕಳೆದು ಅದೇ ಪುಟ್ಟಣ್ಣ ಚಿತ್ರದುರ್ಗದ ಕೋಟೆಯಲ್ಲಿ ‘ನಾಗರಹಾವು’ ತೆಗೆದು ವಿಷ್ಣುವರ್ಧನ್‌ರನ್ನು ನಿಲ್ಲಿಸಿದರು. ಅಲ್ಲಿನ ಹುಡುಗರಿಗೆ ಊರ ಪಕ್ಕದ ಹೀರೊ ಸಿಕ್ಕಿದ. ಕಲ್ಯಾಣ್ ಪೋಷಕ ಪಾತ್ರಗಳಿಗೆ ಸರಿದರು, 1999ರಲ್ಲಿ ತೀರಿಕೊಂಡರು.

ಆದರೆ ನಮ್ಮ ಕಡೆ ಆ ಇಳಿತವೂ ತಡವಾಗಿಯೇ ತಲುಪಿತು. ದಾವಣಗೆರೆಯಲ್ಲಿ ಓಡಿ ಸವೆದ ಪ್ರಿಂಟು ಚನ್ನಗಿರಿ, ಹೊನ್ನಾಳಿ ಸುತ್ತಿ ನಮ್ಮೂರ ಟೂರಿಂಗ್ ಟಾಕೀಸಿಗೆ ಬಸ್ಸಿನ ಟಾಪ್ ಮೇಲೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತಿದ್ದವು. ರೀಲು ಕಡಿದು ಟೆಂಟು ಕತ್ತಲಾದಾಗ ಹಿಂದಿನಿಂದ ಸಿಳ್ಳೆ, ಮುಂದೆ ಮರಳಲ್ಲಿ ಕೂತ ನಾವು. ಬೆಂಗಳೂರು ಮರೆತಿದ್ದ ಕಲ್ಯಾಣ್‌ಕುಮಾರ್ ನಮಗಿನ್ನೂ ಹೀರೊ.

‘ಬೆಳ್ಳಿಮೋಡ’ವನ್ನು ಒಮ್ಮೆ ನೋಡಿ, ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೋಹನನಿಗೆ ಬೀಳುವ ಬೈಗುಳವನ್ನು ಅವರ ಬಾಯಲ್ಲೇ ಕೇಳಬೇಕು.