ಕತ್ತೆ ಕೇಳಿದ ಪ್ರಶ್ನೆ
(ಈ ತಿಂಗಳ ಪಾಠ: ಮಕ್ಕಳಲ್ಲಿ ಮೃದುತನ ಮತ್ತು ದಯೆ)



ವಾರದ ಸಭೆಯಲ್ಲಿ ಉಳಿತಾಯ, ಸಾಲ, ಕಂತು ಅಂತ ಲೆಕ್ಕ ಮುಗಿಯುವಷ್ಟರಲ್ಲಿ ಹೊತ್ತಾಗಿಬಿಡುತ್ತದೆ. ಅಷ್ಟರಲ್ಲಿ ಹೊರಗೆ ಆಡುತ್ತಿರುವ ಹುಡುಗ ನಾಯಿಮರಿಗೆ ಕಲ್ಲು ಹೊಡೆಯುತ್ತಾನೆ. ತಾಯಿ ಎದ್ದು ಹೋಗಿ, "ಮೂಕ ಪ್ರಾಣಿಗೆ ಹೊಡೀಬಾರ್ದು ಕಣೋ" ಅನ್ನುತ್ತಾ ಅವನ ಬೆನ್ನಿಗೆ ಎರಡು ಬಿಡುತ್ತಾಳೆ. ಇದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಆ ಹುಡುಗ ಕಲಿತದ್ದು ಯಾವುದನ್ನು? ಬಾಯಿ ಹೇಳಿದ್ದನ್ನೋ, ಕೈ ಹೇಳಿದ್ದನ್ನೋ?

ಈ ಪ್ರಶ್ನೆ ಇಟ್ಟುಕೊಂಡು ಬೈಬಲಿನ ಒಂದು ಕಥೆ ಕೇಳೋಣ. ಇದು ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡದ 22ನೆಯ ಅಧ್ಯಾಯದಲ್ಲಿದೆ. ಯಾವ ಧರ್ಮದ ಮನೆಯಲ್ಲೇ ಆಗಲಿ, ಮಕ್ಕಳು ಇಷ್ಟಪಟ್ಟು ಕೇಳುವ ಕಥೆ ಇದು. ಯಾಕೆಂದರೆ ಇದರಲ್ಲಿ ಕತ್ತೆ ಮಾತಾಡುತ್ತದೆ!

ಕಥೆ

ಮೋವಾಬ್ ದೇಶಕ್ಕೆ ಬಾಲಾಕ ಎಂಬ ಅರಸ. ಇಸ್ರಯೇಲ್ ಜನರನ್ನು ಕಂಡು ಅವನಿಗೆ ಭಯ. ಅವರನ್ನು ಶಪಿಸುವುದಕ್ಕೆ ಬಿಳಾಮ ಎಂಬುವನನ್ನು ದೂರದ ಊರಿಂದ ಕರೆಸಿದ. ಬಿಳಾಮ ತನ್ನ ಹೆಣ್ಣುಗತ್ತೆಯ ಮೇಲೆ ಹೊರಟ. ಈ ಪ್ರಯಾಣ ದೇವರಿಗೆ ಮೆಚ್ಚುಗೆಯಾಗಲಿಲ್ಲ. ದೇವದೂತ ಕತ್ತಿ ಹಿರಿದು ದಾರಿಗೆ ಅಡ್ಡ ನಿಂತ. ಅದು ಕತ್ತೆಗೆ ಕಂಡಿತು, ಬಿಳಾಮನಿಗೆ ಕಾಣಲಿಲ್ಲ.

ಮೊದಲನೇ ಸಲ ಕತ್ತೆ ದಾರಿ ಬಿಟ್ಟು ಹೊಲಕ್ಕೆ ಇಳಿಯಿತು. ಬಿಳಾಮ ಹೊಡೆದ. ಎರಡನೇ ಸಲ ದ್ರಾಕ್ಷಿತೋಟಗಳ ನಡುವಿನ ಓಣಿಯಲ್ಲಿ ಗೋಡೆಗೆ ಒತ್ತಿಕೊಂಡಿತು, ಸವಾರನ ಕಾಲು ಜಜ್ಜಿತು. ಮತ್ತೆ ಹೊಡೆದ. ಮೂರನೇ ಸಲ ಆ ಕಡೆ ಈ ಕಡೆ ತಿರುಗಲು ಜಾಗವೇ ಇರಲಿಲ್ಲ, ಅಲ್ಲೇ ಮಲಗಿಬಿಟ್ಟಿತು. ಅವನು ರೇಗಿ ಕೋಲಿನಿಂದ ಬಾರಿಸಿದ.

ಆಗ ದೇವರು ಕತ್ತೆಯ ಬಾಯಿ ತೆರೆದರು. ಕತ್ತೆ ಒದೆಯಲಿಲ್ಲ, ಕಚ್ಚಲಿಲ್ಲ. ನಾನೇನು ತಪ್ಪು ಮಾಡಿದೆ ಅಂತ ಕೇಳಿತು. ನೀನು ನನ್ನ ಮರ್ಯಾದೆ ತೆಗೆದೆ, ಕೈಯಲ್ಲಿ ಕತ್ತಿ ಇದ್ದಿದ್ದರೆ ಕೊಂದೇಬಿಡುತ್ತಿದ್ದೆ ಅಂದ ಬಿಳಾಮ. ಇಷ್ಟು ಕಾಲ ನನ್ನ ಮೇಲೆ ಸವಾರಿ ಮಾಡಿದ್ದೀಯಲ್ಲ, ಹಿಂದೆ ಎಂದಾದರೂ ಹೀಗೆ ಮಾಡಿದ್ದೇನೆಯೇ ಅಂತ ಕತ್ತೆ ಮತ್ತೆ ಕೇಳಿತು. ಬಿಳಾಮ ಇಲ್ಲ ಅಂದ. ಅಷ್ಟು ಹೊತ್ತಿಗೆ ಅವನ ಕಣ್ಣು ತೆರೆಯಿತು, ದೇವದೂತ ಕಂಡ. ಕತ್ತೆ ಪಕ್ಕಕ್ಕೆ ಸರಿಯದಿದ್ದರೆ ಅವನ ಪ್ರಾಣವೇ ಹೋಗುತ್ತಿತ್ತು. ಯಾರಿಗೆ ಹೊಡೆದನೋ ಅದೇ ಅವನನ್ನು ಉಳಿಸಿತ್ತು.

ನಮ್ಮ ಬದುಕಿಗೆ

ನಾವು ಮಕ್ಕಳನ್ನು "ಕತ್ತೆ" ಅಂತ ಬೈಯುತ್ತೇವೆ. ಈ ಕಥೆಯಲ್ಲಿ ಕಣ್ಣಿದ್ದದ್ದು ಕತ್ತೆಗೆ!

ಹಿಂದೊಮ್ಮೆ ನಾವು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದೆವು. ಒಬ್ಬ ಹುಡುಗಿ ಮೂರು ದಿನ ಸತತವಾಗಿ ಬೆಳಿಗ್ಗೆ ಏಳಲಿಲ್ಲ. ಮೊದಲು ಬೈದೆವು, ಮೂರನೇ ದಿನ ಹೊಡೆದೆವು. ಅವಳು ಅಳಲೂ ಇಲ್ಲ. ಸಂಜೆ ಗೊತ್ತಾಯಿತು: ಪಕ್ಕದ ಮಂಚದ ಚಿಕ್ಕ ಹುಡುಗಿ ಮನೆಯ ನೆನಪಾಗಿ ರಾತ್ರಿಯೆಲ್ಲಾ ಅಳುತ್ತಿದ್ದಳಂತೆ, ಇವಳು ಎದ್ದು ಕೂತು ಸಮಾಧಾನ ಮಾಡುತ್ತಿದ್ದಳಂತೆ. ದಯೆ ತೋರಿಸಿದ ಮಗುವಿಗೆ ನಾವು ಏಟು ಕೊಟ್ಟಿದ್ದೆವು. ಅವಳ ಹತ್ತಿರ ಹೋಗಿ ತಪ್ಪಾಯಿತು ಅಂದೆವು. ಆದರೆ ಹೊಡೆದ ಏಟು ವಾಪಸ್ಸು ಬರುವುದಿಲ್ಲ. ಇಂದಿಗೂ ಈ ಕಥೆ ಓದುವಾಗ ಬಿಳಾಮನ ಜಾಗದಲ್ಲಿ ನಮ್ಮನ್ನೇ ಕಾಣುತ್ತೇವೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಕೂಲಿ ಸಿಗಲಿಲ್ಲ, ಗಂಡ ಕುಡಿದು ಬಂದ, ಕಂತಿಗೆ ದುಡ್ಡಿಲ್ಲ. ಕೊನೆಗೆ ಏಟು ಬೀಳುವುದು ಲೋಟ ಬೀಳಿಸಿದ ಮಗುವಿಗೆ. ಆ ಮಗು ತಂಗಿಗೆ ಹೊಡೆಯುತ್ತದೆ, ತಂಗಿ ಬೆಕ್ಕಿನ ಬಾಲ ಎಳೆಯುತ್ತದೆ. ಈ ಸರಪಳಿಯನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು. ದೊಡ್ಡವರಾದ ನಮ್ಮಿಂದಲೇ ಶುರುವಾಗಲಿ.

ಮಕ್ಕಳಿಗೆ ಕಲಿಸುವುದು ಹೇಗೆ?

1. ಕಥೆಯನ್ನು ಆಡಿಸಿ. ಒಬ್ಬರು ಕತ್ತೆ, ಒಬ್ಬರು ಬಿಳಾಮ, ಒಬ್ಬರು ದೇವದೂತ. ಹೊಡೆಯುವ ಬದಲು ಚಪ್ಪಾಳೆ ತಟ್ಟಲಿ. ಪ್ರತಿ ಏಟಿಗೆ ನಿಲ್ಲಿಸಿ, "ಕತ್ತೆ ಯಾಕೆ ಹೀಗೆ ಮಾಡ್ತು?" ಅಂತ ಕೇಳಿ. ಕೊನೆಗೆ ಪಾತ್ರ ಬದಲಾಯಿಸಿ. ಕತ್ತೆಯಾದವರಿಗೆ ಹೇಗನ್ನಿಸಿತು ಅಂತ ಅವರೇ ಹೇಳಲಿ.

2. ಕೈ ಎತ್ತುವ ಮೊದಲು "ಏನಾಯ್ತು?" ಅಂತ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನಿಮ್ಮನ್ನು ನೋಡಿ ಮಕ್ಕಳೂ ಕೇಳುವುದನ್ನು ಕಲಿಯುತ್ತಾರೆ.

3. ಕೋಳಿಗೆ ಕಾಳು, ಕರುವಿಗೆ ನೀರು ಹಾಕುವಂಥ ಒಂದು ಕೆಲಸ ಮಗುವಿಗೇ ಕೊಡಿ. ಬಾಯಿಲ್ಲದ ಜೀವಕ್ಕೆ ಏನು ಬೇಕು ಅಂತ ನೋಡಿ ತಿಳಿಯುವುದೇ ದಯೆಯ ಮೊದಲ ಅಕ್ಷರ.

4. ತಪ್ಪಾದರೆ ಮಗುವಿನ ಹತ್ತಿರ ಕ್ಷಮೆ ಕೇಳಿ. ಅದರಿಂದ ತಾಯಿಯ ಮರ್ಯಾದೆ ಹೋಗುವುದಿಲ್ಲ.

ಒಂದು ಎಚ್ಚರಿಕೆ

ಮೃದುವಾಗಿರು ಅಂದರೆ ಏಟು ತಿಂದು ಸುಮ್ಮನಿರು ಅಂತ ಅರ್ಥವಲ್ಲ. ಕತ್ತೆ ಮುಂದಕ್ಕೆ ಹೆಜ್ಜೆ ಇಡಲಿಲ್ಲ, ಬಾಯಿ ಬಿಟ್ಟು ಕೇಳಿತು. ಯಾರಾದರೂ ನೋಯಿಸಿದರೆ, ಮುಟ್ಟಬಾರದ ಕಡೆ ಮುಟ್ಟಿದರೆ ಬಂದು ಹೇಳು ಅಂತ ಮಕ್ಕಳಿಗೆ ಕಲಿಸಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಗೋಡೆ ಮೇಲೆ ಬರೆದಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಪ್ರಾಣಿಗಳನ್ನು ಹಿಂಸಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ.

ಸಭೆಯಲ್ಲಿ ಚರ್ಚಿಸಿ

• ಬಿಳಾಮನಿಗೆ ಸಿಟ್ಟು ಬಂದದ್ದು ಕತ್ತೆಯ ತಪ್ಪಿನಿಂದಲೋ, ತನ್ನ ಮರ್ಯಾದೆಯ ಚಿಂತೆಯಿಂದಲೋ?
• ಕಳೆದ ವಾರ ನಿಮ್ಮ ಮನೆಯಲ್ಲಿ ಯಾರ ಸಿಟ್ಟು ಯಾರ ಮೇಲೆ ಇಳಿಯಿತು?
• ಸಿಟ್ಟು ಬಂದಾಗ ನಿಮ್ಮನ್ನು ತಡೆದು ನಿಲ್ಲಿಸುವುದು ಏನು? ಒಬ್ಬರಿಗೊಬ್ಬರು ಹೇಳಿಕೊಳ್ಳಿ.

ಈ ವಾರದ ಸಂಕಲ್ಪ

ಹೊಡೆಯುವ ಮೊದಲು ಒಂದು ಸಲ ಕೇಳುತ್ತೇವೆ. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದಾದ ಮೇಲೆ, ಕೇಳಿದಾಗ ಮಗು ಏನು ಹೇಳಿತು ಅನ್ನುವುದನ್ನೂ ಹಂಚಿಕೊಳ್ಳೋಣ.