ಪ್ರಮಾಣಪತ್ರದ ಪ್ರಾಮಾಣ್ಯ

ಬಾಗಲಕೋಟೆ ಜಿಲ್ಲೆಯು ಶಾಸನಗಳ ನಾಡು. ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವಿದೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ದೇವಾಲಯದ ಗೋಡೆಯ ಮೇಲೆ, ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾರುವ ಕ್ರಿ.ಶ. 634-35ರ ಶಾಸನವಿದೆ, ಅದನ್ನು ರಚಿಸಿದವನು ಕವಿ ರವಿಕೀರ್ತಿ. ಬಾಯಿಮಾತು ಕಾಲ ಕಳೆದಂತೆ ಮಾಸಿಹೋಗುತ್ತದೆ. ಬರಹವು ಸಾಕ್ಷಿಯಾಗಿ ಉಳಿಯುತ್ತದೆ. ಆದುದರಿಂದಲೇ ನಮ್ಮ ಪೂರ್ವಿಕರು ದಾನವನ್ನೂ ಹಕ್ಕನ್ನೂ ಕಲ್ಲಿನಲ್ಲಿ, ತಾಮ್ರದ ಹಲಗೆಯಲ್ಲಿ ಬರೆಸಿದರು.

ಬರಹಕ್ಕೆ ಬೆಲೆ ಬಂದಾಗ ಸುಳ್ಳು ಬರಹವೂ ಹುಟ್ಟಿತು. ಅರಸನು ಕೊಡದ ದಾನವನ್ನು ಕೊಟ್ಟನೆಂದು ತೋರಿಸುವ ಕಪಟ ಪತ್ರಕ್ಕೆ ಹಿಂದಿನವರು 'ಕೂಟಶಾಸನ' ಎಂದು ಹೆಸರಿಟ್ಟಿದ್ದರು. ಇಮ್ಮಡಿ ಪುಲಕೇಶಿಯು ನರ್ಮದೆಯ ತೀರದಲ್ಲಿ ತಡೆದು ನಿಲ್ಲಿಸಿದ ಹರ್ಷವರ್ಧನನ ಆಳ್ವಿಕೆಯಲ್ಲಿಯೇ ಇಂತಹ ಪ್ರಸಂಗವೊಂದು ನಡೆಯಿತು. ಉತ್ತರ ಪ್ರದೇಶದ ಮಧುಬನದಲ್ಲಿ ದೊರೆತ, ಸುಮಾರು ಕ್ರಿ.ಶ. 631ರ ತಾಮ್ರಪಟವು ಅದನ್ನು ತಿಳಿಸುತ್ತದೆ. ಸೋಮಕುಂಡಕವೆಂಬ ಗ್ರಾಮವನ್ನು ವಾಮರಥ್ಯನೆಂಬವನು ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ವಿಷಯ ತಿಳಿದ ಹರ್ಷನು ಆ ಶಾಸನವನ್ನು ಮುರಿಸಿ, ಗ್ರಾಮವನ್ನು ಅವನಿಂದ ಹಿಂದಕ್ಕೆ ಪಡೆದು ಬೇರೆಯವರಿಗೆ ದಾನಮಾಡಿದನು. ಸುಳ್ಳು ಪತ್ರದಿಂದ ಪಡೆದುದು ಎಷ್ಟು ಕಾಲ ಕೈಯಲ್ಲಿದ್ದರೂ ಅದು ತನ್ನದಾಗುವುದಿಲ್ಲ ಎಂಬ ಈ ನ್ಯಾಯವೇ ಇಂದಿಗೂ ನಮ್ಮ ಕಾನೂನಿನ ತಿರುಳಾಗಿದೆ.

ಇಂದು ತಾಮ್ರಪಟದ ಸ್ಥಾನಕ್ಕೆ ಪ್ರಮಾಣಪತ್ರವು ಬಂದಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಪರೀಕ್ಷಾ ಮಂಡಲಿಯೂ, ಪದವಿ ಪತ್ರವನ್ನು ವಿಶ್ವವಿದ್ಯಾಲಯವೂ, ಜಾತಿ ಮತ್ತು ಆದಾಯದ ಪತ್ರಗಳನ್ನು ತಹಸೀಲ್ದಾರರೂ ಕೊಡುತ್ತಾರೆ. ಈ ಕಾಗದಗಳನ್ನು ನಂಬಿಯೇ ಸರ್ಕಾರವು ಗುಮಾಸ್ತನನ್ನೂ ಶಿಕ್ಷಕನನ್ನೂ ದಾದಿಯನ್ನೂ ನೇಮಿಸುತ್ತದೆ. ಕಾಗದವು ಸುಳ್ಳಾದರೆ ಆ ನಂಬಿಕೆಗೆ ಆಧಾರವೇ ಇಲ್ಲ.

ಇಂತಹ ಸುಳ್ಳಿನಿಂದ ಯಾರಿಗೆ ನಷ್ಟ? ಕೆಲವರು 'ಸರ್ಕಾರಕ್ಕೆ ಮಾತ್ರ' ಎಂದುಕೊಳ್ಳುತ್ತಾರೆ. ಅದು ತಪ್ಪು ತಿಳಿವಳಿಕೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿದವು. ಮನೆಮಾರು ಕಳೆದುಕೊಂಡವರಿಗಾಗಿ ನವನಗರವು ಎದ್ದಿತು. ಯೋಜನೆಯಿಂದ ನಿರಾಶ್ರಿತರಾದ ಇಂತಹ ಕುಟುಂಬಗಳ ಮಕ್ಕಳಿಗೆ ರಾಜ್ಯದ ಕೆಳದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 5ರಷ್ಟು ಮೀಸಲಾತಿ ಇದೆ. ಅಂಗೈಯಗಲ ಭೂಮಿಯನ್ನೂ ಕಳೆದುಕೊಳ್ಳದವನೊಬ್ಬನು ಸುಳ್ಳು ನಿರಾಶ್ರಿತ ಪತ್ರವನ್ನು ಸಲ್ಲಿಸಿ ಹುದ್ದೆಯನ್ನು ಪಡೆದನೆಂದು ಭಾವಿಸೋಣ. ಅವನು ಕಸಿದುಕೊಂಡುದು ಸರ್ಕಾರದ ಸ್ವತ್ತನ್ನಲ್ಲ. ಒಮ್ಮೆ ನೀರಿಗೆ ಮನೆಯನ್ನು ಒಪ್ಪಿಸಿದ ಕುಟುಂಬದ ಅನ್ನವನ್ನು.

ಇಳಕಲ್ಲಿನ ನೆರೆಯ ಕುಷ್ಟಗಿ ತಾಲ್ಲೂಕು ಕೊಪ್ಪಳ ಜಿಲ್ಲೆಗೆ ಸೇರಿದೆ. ಅಲ್ಲಿಯವರಿಗೆ ಸಂವಿಧಾನದ 371ಜೆ ವಿಧಿಯಂತೆ ವಿಶೇಷ ಮೀಸಲಾತಿ ಉಂಟು. ಬಾಗಲಕೋಟೆ ಜಿಲ್ಲೆಯವರಿಗೆ ಅದು ಇಲ್ಲ. ಗಡಿಯ ಈಚೆಗಿರುವವನು ಆಚೆಯವನೆಂದು ಸುಳ್ಳು ಪತ್ರ ಮಾಡಿಸಿಕೊಂಡರೆ, ಆಚೆಯ ಊರಿನ ಒಬ್ಬ ಹುಡುಗನೋ ಹುಡುಗಿಯೋ ಹುದ್ದೆಯನ್ನು ಕಳೆದುಕೊಳ್ಳಬೇಕಾಗುತ್ತದೆ. ಆ ನಷ್ಟಕ್ಕೆ ಕಾರಣವೇನೆಂಬುದು ಅವರಿಗೆ ತಿಳಿಯುವುದೂ ಇಲ್ಲ.

ಈ ಕೃತ್ಯವನ್ನು ಕಾನೂನು ಎರಡು ಬಗೆಯಾಗಿ ಎದುರಿಸುತ್ತದೆ. ಮೊದಲನೆಯದು ಅಪರಾಧಕ್ಕೆ ದಂಡನೆ. 1860ರ ಭಾರತೀಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಜಾರಿಯಲ್ಲಿದೆ. ವಂಚಿಸುವ ಉದ್ದೇಶದಿಂದ ಖೋಟಾ ದಾಖಲೆಯನ್ನು ಸೃಷ್ಟಿಸಿದವನಿಗೆ 7 ವರ್ಷಗಳವರೆಗೆ ಕಾರಾಗೃಹವಾಸವನ್ನೂ ಜುಲ್ಮಾನೆಯನ್ನೂ ಅದರ 336ನೆಯ ಪ್ರಕರಣವು ವಿಧಿಸುತ್ತದೆ. 'ನಾನು ಅದನ್ನು ತಯಾರಿಸಲಿಲ್ಲ, ಹಣ ಕೊಟ್ಟು ತಂದೆನಷ್ಟೆ' ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಖೋಟಾ ಎಂದು ತಿಳಿದೂ ದಾಖಲೆಯನ್ನು ನಿಜವೆಂದು ಬಳಸಿದವನು, ಅದನ್ನು ಸೃಷ್ಟಿಸಿದವನಷ್ಟೇ ಶಿಕ್ಷೆಗೆ ಗುರಿಯಾಗುತ್ತಾನೆಂದು 340ನೆಯ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ. ಸುಳ್ಳು ಜಾತಿ ಪ್ರಮಾಣಪತ್ರವನ್ನು ಪಡೆಯುವುದು ಕರ್ನಾಟಕದ 1990ರ ಮೀಸಲಾತಿ ಅಧಿನಿಯಮದಂತೆಯೂ ದಂಡಾರ್ಹವಾಗಿದೆ. ಇಂತಹ ಪ್ರಕರಣಗಳನ್ನು ತನಿಖೆ ಮಾಡಲು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೆಂಬ ವಿಭಾಗವೇ ಇದೆ.

ಎರಡನೆಯದು ಹುದ್ದೆಯ ನಷ್ಟ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಪ್ಪತ್ತು ವರ್ಷ ದುಡಿದು, ಸಂಸಾರ ಹೂಡಿದವನ ಸುಳ್ಳು ಆಮೇಲೆ ಹೊರಬಿದ್ದರೆ ಅವನ ಮೇಲೆ ಕರುಣೆ ತೋರಬೇಡವೆ? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ಕೇರಳದ ಪೊಲೀಸ್ ಅಧಿಕಾರಿಯೊಬ್ಬನು ಸುಳ್ಳು ಜಾತಿ ಪತ್ರದಿಂದ ಮೀಸಲು ಹುದ್ದೆಯನ್ನು ಪಡೆದು ಸುಮಾರು 27 ವರ್ಷ ಸೇವೆ ಸಲ್ಲಿಸಿದ್ದನು. ಅವನ ನೇಮಕವು ಕಾನೂನಿನ ದೃಷ್ಟಿಯಲ್ಲಿ ನೇಮಕವೇ ಅಲ್ಲವೆಂದು 2004ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು. ನಿವೃತ್ತಿ ವೇತನದ ಕೋರಿಕೆಯನ್ನೂ ಮನ್ನಿಸಲಿಲ್ಲ. 2017ರ ಜುಲೈ 6ರಂದು ಭಾರತೀಯ ಆಹಾರ ನಿಗಮದ ಮೊಕದ್ದಮೆಯಲ್ಲಿ, ಸುಳ್ಳು ಜಾತಿಯ ಆಧಾರದಿಂದ ಬಂದ ಹುದ್ದೆಯನ್ನು ಸೇವೆಯ ದೀರ್ಘತೆಯು ಕಾಪಾಡಲಾರದೆಂದು ಅದೇ ನ್ಯಾಯಾಲಯವು ಮತ್ತೆ ಸಾರಿತು. ಕರುಣೆಗೆ ನಿಜವಾಗಿ ಪಾತ್ರನಾದವನು, ಆ ಹುದ್ದೆಯು ಸಿಗದೆ ಅಷ್ಟೂ ವರ್ಷ ಹೊರಗೇ ಉಳಿದವನಲ್ಲವೆ?

ಖೋಟಾ ಪತ್ರವು ಬಹುಕಾಲ ಅಡಗಿರುವುದೂ ಕಠಿಣ. ಆಯ್ಕೆಯಾದ ಮೇಲೆ ನೇಮಕಾತಿ ಅಧಿಕಾರಿಯು ಅಂಕಪಟ್ಟಿಯ ನೈಜತೆಯನ್ನು ಅರಿಯಲು ಅದನ್ನು ಕೊಟ್ಟ ಮಂಡಲಿಗೇ ಬರೆಯುತ್ತಾನೆ. ಮಂಡಲಿಯ ದಾಖಲೆಯಲ್ಲಿ ಇಲ್ಲದ ಸಂಖ್ಯೆಯು ಒಡನೆಯೇ ಬಯಲಾಗುತ್ತದೆ. ನಮ್ಮ ರಾಜ್ಯದ ಜಲಸಂಪನ್ಮೂಲ ಇಲಾಖೆಯು 2022ರಲ್ಲಿ 182 ದ್ವಿತೀಯ ದರ್ಜೆ ಸಹಾಯಕರ ಬ್ಯಾಕ್‌ಲಾಗ್ ಹುದ್ದೆಗಳಿಗೆ ಅರ್ಜಿ ಕರೆದಾಗ, ಹಲವರು ಸಲ್ಲಿಸಿದ ಅಂಕಪಟ್ಟಿಗಳ ಬಗೆಗೆ ಪರಿಶೀಲನೆಯಲ್ಲಿ ಸಂಶಯವುಂಟಾಯಿತು. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಪೊಲೀಸರು ಖೋಟಾ ಅಂಕಪಟ್ಟಿಗಳ ಆರೋಪದ ಮೇಲೆ 48 ಜನರನ್ನು ಬಂಧಿಸಿದರು. ಅವರಲ್ಲಿ ದಲ್ಲಾಳಿಗಳಿಗಿಂತ ಹುದ್ದೆ ಬಯಸಿದವರೇ ಹೆಚ್ಚಾಗಿದ್ದರು. ಪತ್ತೆಯಾಗದೆ ಉಳಿದವನಿಗಾದರೂ ನೆಮ್ಮದಿ ಉಂಟೆ? 'ಕಳ್ಳನ ಮನಸ್ಸು ಹುಳ್ಳುಳ್ಳಗೆ' ಎಂಬಂತೆ ಕಚೇರಿಗೆ ಬರುವ ಪ್ರತಿಯೊಂದು ಲಕೋಟೆಯೂ ಅವನ ಎದೆಯನ್ನು ನಡುಗಿಸುತ್ತದೆ.

ಆದರೆ ತಪ್ಪು ಬೇರೆ, ಖೋಟಾ ಬೇರೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಿರಬಹುದು, ಜನ್ಮದಿನಾಂಕ ಅದಲುಬದಲಾಗಿರಬಹುದು. ಅದು ಅಪರಾಧವಲ್ಲ. ಆಗ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಲಿಗೆ ಅರ್ಜಿ ಸಲ್ಲಿಸಿ ತಿದ್ದಿಸಿಕೊಳ್ಳಬೇಕು. ತಾನೇ ಬ್ಲೇಡಿನಿಂದ ಕೆರೆದು ಬರೆದರೆ, ಬರೆದುದು ನಿಜವೇ ಆಗಿದ್ದರೂ ಆ ಪತ್ರವು ಸಂಶಯಕ್ಕೆ ಗುರಿಯಾಗುತ್ತದೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಮತ್ತೆ ಬರೆಯಬಹುದು. ಅದರಿಂದ ಮಾನಹಾನಿಯೇನೂ ಇಲ್ಲ. 'ಇಷ್ಟು ಹಣ ಕೊಡು, ಪರೀಕ್ಷೆ ಬರೆಯದೆ ಪತ್ರ ತರುತ್ತೇನೆ' ಎನ್ನುವ ದಲ್ಲಾಳಿಯು ಮಾರುವುದು ಕಾಗದವನ್ನಲ್ಲ, ಕೊಳ್ಳುವವನ ಭವಿಷ್ಯವನ್ನು. ಹೊಲವನ್ನೋ ಮಗ್ಗವನ್ನೋ ಒತ್ತೆಯಿಟ್ಟು ಆ ಹಣವನ್ನು ಕೊಟ್ಟ ತಂದೆತಾಯಿಗಳಿಗೆ ಕೊನೆಗೆ ಉಳಿಯುವುದು ಸಾಲ ಮತ್ತು ಅವಮಾನ.

ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಬೆಸೆಯುತ್ತಾನೆ. ಆ ಕೊಂಡಿ ಬಿಗಿಯಾಗಿದ್ದರೆ ಸೆರಗು ಉಳಿದೀತು. ಒಬ್ಬನ ವಿದ್ಯೆಗೂ ಅವನ ಹುದ್ದೆಗೂ ನಡುವೆ ಇರುವ ಕೊಂಡಿಯೇ ಪ್ರಮಾಣಪತ್ರ. ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆ ಬರೆದು ನೀವೂ ನಿಮ್ಮ ಮೊದಲ ಅಂಕಪಟ್ಟಿಯನ್ನು ಪಡೆಯುವಿರಿ. ಅದರಲ್ಲಿ ಅಂಕಗಳು ಹೆಚ್ಚಿರಲಿ, ಕಡಿಮೆಯಿರಲಿ, ಅವು ನಿಮ್ಮ ಸ್ವಂತ ದುಡಿಮೆಯ ಫಲವಾಗಿದ್ದರೆ ಯಾವ ಕಚೇರಿಯಲ್ಲಿಯೂ ಯಾವ ಕಾಲದಲ್ಲಿಯೂ ಅದನ್ನು ನಿರ್ಭಯವಾಗಿ ಮುಂದಿಡಬಲ್ಲಿರಿ.